ಆನ್‌ಲೈನ್ ಬಿಎ ಲೀಗಲ್ ಸ್ಟಡೀಸ್ ಮಾಡಿದ್ರೆ ವಕೀಲಿ ಮಾಡ್ಬಹುದಾ?

ಬೇಲೆಕೇರಿಯವ:
ಎಲ್ರಿಗೂ ನಮಸ್ಕಾರ. ನಮ್ದು ಅಂಕೋಲಾ ತಾಲೂಕು. ತಂಗಿ ಈ ಸಲ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ್ಲು, ಮಾರ್ಕ್ಸ್ ಚಲೋ ಬಂದಿದೆ, ಅವ್ಳಿಗೆ ವಕೀಲಿನೇ ಮಾಡ್ಬೇಕು ಅಂತ ಹಠ. ಈಗ ಯಾರೋ ಫೋನ್ ಮಾಡಿ ಮೂರು ವರ್ಷದ ಬಿಎ ಲೀಗಲ್ ಸ್ಟಡೀಸ್ ಇದೆ, ಪೂರ್ತಿ ಆನ್‌ಲೈನ್, ಮನೇಲೇ ಕೂತು ಓದ್ಬಹುದು, ಮುಗಿದ ಕೂಡ್ಲೆ ಕೋರ್ಟಿಗೆ ಹೋಗ್ಬಹುದು ಅಂತಿದ್ದಾರೆ, ಅಡ್ವಾನ್ಸ್ ಕಟ್ಟಿ ಅಂತ ದಿನಾ ಮೆಸೇಜು. ಹಾಸ್ಟೆಲ್ ಖರ್ಚು ಉಳೀತದೆ ಅಂತ ಅಪ್ಪಂಗೂ ಇದೇ ಮನಸ್ಸು. ಹತ್ತನೇತ್ತಿವರೆಗೆ ಕನ್ನಡ ಮೀಡಿಯಂ ಆದ್ರಿಂದ ಅವ್ಳಿಗೆ ಇಂಗ್ಲಿಷಿನ ಹೆದ್ರಿಕೆ ಬೇರೆ. ಸೇರಿಸ್ಬಹುದಾ? ತಿಳಿದವ್ರು ಹೇಳಿ.

ಕುಮಟಾ ಕರಿಕೋಟು:
ದಯವಿಟ್ಟು ದುಡ್ಡು ಕಟ್ಬೇಡಿ. ಲೀಗಲ್ ಸ್ಟಡೀಸ್ ಬೇರೆ, ಎಲ್‌ಎಲ್‌ಬಿ ಬೇರೆ. 1961ರ ವಕೀಲರ ಕಾಯ್ದೆ ಪ್ರಕಾರ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ಕಾನೂನು ಪದವಿ ಇದ್ರೆ ಮಾತ್ರ ಸನದು, ಅಂದ್ರೆ ವಕೀಲಿ ಮಾಡೋ ಪರವಾನಗಿ, ಸಿಗ್ತದೆ. ಬರೀ ಬಿಎ ಲೀಗಲ್ ಸ್ಟಡೀಸ್ ಇಟ್ಕೊಂಡು ಯಾರ ಪರವಾಗಿಯೂ ವಕಾಲತ್ತು ಹಾಕ್ಲಿಕ್ಕೆ ಆಗೂದಿಲ್ಲ. ಎಲ್‌ಎಲ್‌ಬಿಯನ್ನ ಆನ್‌ಲೈನಲ್ಲೋ ಅಂಚೆಯಲ್ಲೋ ಮಾಡ್ತೇವೆ ಅಂದ್ರೆ ಅದೂ ನಡೆಯೂದಿಲ್ಲ, ಬಾರ್ ಕೌನ್ಸಿಲ್ಲಿನ 2008ರ ನಿಯಮದಲ್ಲಿ 70 ಪರ್ಸೆಂಟ್ ಹಾಜರಿ ಬೇಕು ಅಂತ ಇದೆ. ಫೋನ್ ಮಾಡಿದವ್ರಿಗೆ "ಈ ಡಿಗ್ರಿ ಮೇಲೆ ರಾಜ್ಯ ವಕೀಲರ ಪರಿಷತ್ತಲ್ಲಿ ನೋಂದಣಿ ಆಗ್ತದೆ ಅಂತ ಬರೆದು ಕೊಡಿ" ಅಂತ ಕೇಳಿ, ಮತ್ತೆ ಫೋನ್ ಬರೂದಿಲ್ಲ.

ದಾರಿ ಎರಡು ಉಂಟು. ಪಿಯುಸಿ ಆದ ಕೂಡ್ಲೆ ಡಿಗ್ರಿ, ಎಲ್‌ಎಲ್‌ಬಿ ಎರಡೂ ಸೇರಿದ ಐದು ವರ್ಷದ್ದು, ಅಲ್ದಿದ್ರೆ ಯಾವ್ದಾದ್ರೂ ಡಿಗ್ರಿ ಮಾಡಿ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್ ಇದ್ರೆ ಸಾಕು. ತಂಗಿಗೆ ಇಷ್ಟು ಖಾತ್ರಿ ಇದ್ರೆ ನಾನಂತೂ ಐದು ವರ್ಷದ್ದೇ ಅಂತೇನೆ, ಒಂದು ವರ್ಷ ಉಳೀತದೆ.

ದೇವಿಮನೆ ಬಸ್ಸು:
ನಾನು ಮೂರು ವರ್ಷದ ಎಲ್‌ಎಲ್‌ಬಿ, ಕೊನೇ ವರ್ಷ. ಇಂಗ್ಲಿಷಿಗೆ ಹೆದ್ರೂದು ಬೇಡ ಅಂತ ತಂಗಿಗೆ ಹೇಳಿ, ಕಾನೂನು ವಿವಿ ಪರೀಕ್ಷೆ ಕನ್ನಡದಲ್ಲಿ ಬರೀಬಹುದು, ನಾನು ಬರೀತಾ ಇದ್ದೇನೆ. ಆದ್ರೆ ತೀರ್ಪುಗಳು ಇಂಗ್ಲಿಷಲ್ಲೇ ಇರ್ತವೆ, ಅದಕ್ಕೆ ದಿನಾ ಒಂದು ಪುಟ ಡಿಕ್ಷನರಿ ಇಟ್ಕೊಂಡು ಓದೋ ಅಭ್ಯಾಸ ಈಗ್ಲೇ ಶುರು ಮಾಡ್ಲಿ. ಮತ್ತೆ ಹಳೇ ನೋಟ್ಸ್ ಯಾರಾದ್ರೂ ಕೊಟ್ರೆ ನೋಡ್ಕೊಂಡು ತಗೊಳ್ಳಿ, 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳೋ ಹಳೇ ಕಾಯ್ದೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ 302 ಇದ್ದದ್ದು ಈಗ 103, ಮೋಸಕ್ಕೆ 420 ಇದ್ದದ್ದು 318, ಆದ್ರೆ ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೇ ಐಪಿಸಿನೇ ಅನ್ವಯ ಆಗ್ತದೆ, ಹಂಗಾಗಿ ನಮ್ಮ ಬ್ಯಾಚಿನವ್ರು ಎರಡನ್ನೂ ಓದ್ಬೇಕು.

ಕಾಲೇಜಿಗೆ ಹುಬ್ಬಳ್ಳಿನೇ ಆಗ್ಬೇಕು ಅಂತಿಲ್ಲ, ಸಿರ್ಸಿಲಿ ಎಂಇಎಸ್ ಲಾ ಕಾಲೇಜಿದೆ. ಆದ್ರೆ ಮಳೆಗಾಲದಲ್ಲಿ ಕೆಳಗಿಂದ ದಿನಾ ಘಟ್ಟ ಹತ್ತಿ ಓಡಾಡೂದು ಕಷ್ಟ, ಗುಡ್ಡ ಕುಸಿದು ರಸ್ತೆ ಬಂದ್ ಆದ್ರೆ ಹಾಜರಿ ಹೋಗ್ತದೆ, ಮೇಲೆ ರೂಮ್ ಮಾಡ್ಕೊಂಡ್ರೇ ಚಲೋ.

ಕಾರವಾರ ಕಡಲು:
ಲೀಗಲ್ ಸ್ಟಡೀಸ್ ಕೆಲಸಕ್ಕೇ ಬಾರದ್ದು ಅಂತ ಅಲ್ಲ. ಸೊಸೈಟಿ, ಬ್ಯಾಂಕು, ಕಂಪನಿ ಆಫೀಸಲ್ಲಿ ಕಾಗದ ಪತ್ರ ನೋಡೋ ಕೆಲಸಕ್ಕೆ ಆ ಓದು ಉಪಯೋಗ ಆಗ್ತದೆ. ಯುಜಿಸಿ ಒಪ್ಪಿದ ಡಿಗ್ರಿ ಆದ್ರೆ ಅದರ ಮೇಲೆ ಎಲ್‌ಎಲ್‌ಬಿ ಕೂಡ ಸೇರ್ಬಹುದು. ಆದ್ರೆ ಅವ್ಳಿಗೆ ಬೇಕಾದ್ದು ಕೋರ್ಟು. ಅದಕ್ಕೆ ಇದು ಸುತ್ತುದಾರಿ.

ಬೇಲೆಕೇರಿಯವ:
ನಾನು ತಂಗಿ, ಅಣ್ಣನ ಐಡಿಯಿಂದ ಬರೀತಾ ಇದ್ದೇನೆ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಪ್ಪಂಗೆ ಪೂರ್ತಿ ಓದಿ ಹೇಳ್ದೆ, ಈಗ ಒಪ್ಪಿದ್ದಾರೆ. ನಮ್ದು ಅಜ್ಜನ ಕಾಲದಿಂದ ಮಾಡ್ಕೊಂಡು ಬಂದ ಅತಿಕ್ರಮಣ ಜಾಗ, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆಗಿದೆ, ಆ ಕಾಗದ ಓದಿದ್ರೆ ಯಾಕೆ ತಿರಸ್ಕಾರ ಅಂತಾನೇ ಅರ್ಥ ಆಗೂದಿಲ್ಲ. ನನಗೆ ವಕೀಲಿ ಹುಚ್ಚು ಹತ್ತಿದ್ದೇ ಅದ್ರಿಂದ. ಕಾಲೇಜು ಶುರು ಆಗೋತನಕ ಎಂತ ಓದ್ಲಿ ಸರ್?

ಕುಮಟಾ ಕರಿಕೋಟು:
ತಂಗಿ, ಮೊದ್ಲು ಮನೆಯ ಪಹಣಿ ತೆಗೆದು ಎದುರಿಗೆ ಇಟ್ಕೋ. 9ನೇ ಕಾಲಂ ಮಾಲೀಕರ ಹೆಸರು, 10 ಅದು ಹೆಂಗೆ ಬಂತು ಅನ್ನೂದು, 11 ಸಾಲ ಮತ್ತೆ ಬೇರೆ ಹಕ್ಕು, 12 ಸಾಗುವಳಿ ವಿವರ. ನಮ್ಮ ಜಿಲ್ಲೆಯಲ್ಲಿ ಬರೋ ಕೇಸಿನಲ್ಲಿ ಹಿಸ್ಸೆ, ದಾರಿ, ತೋಟಕ್ಕೆ ಸೊಪ್ಪು ತರೋ ಬೆಟ್ಟ, ಅತಿಕ್ರಮಣ ಇದೇ ಜಾಸ್ತಿ, ಪಹಣಿ ಓದ್ಲಿಕ್ಕೆ ಬರದ ಜೂನಿಯರ್ ಬಂದ್ರೆ ಅಲ್ಲಿಂದ್ಲೇ ಕಲಿಸ್ಬೇಕಾಗ್ತದೆ.

ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ, ಸಣ್ಣ ಕಾಯ್ದೆ, ಕನ್ನಡದಲ್ಲೂ ಸಿಗ್ತದೆ. ಬುಡಕಟ್ಟಿನವ್ರನ್ನ ಬಿಟ್ಟು ಬೇರೆಯವ್ರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅರಣ್ಯದಲ್ಲಿ ವಾಸ ಇದ್ದು ಬದುಕಿಗೆ ಅದನ್ನೇ ನಂಬಿದ್ದು ತೋರಿಸ್ಬೇಕು, ಹೆಚ್ಚಿನ ಅರ್ಜಿ ಸಿಕ್ಕಿ ಬೀಳೂದು ಅಲ್ಲೇ. ನಿಮ್ಮ ಅರ್ಜಿ ತಿರಸ್ಕಾರ ಮಾಡಿದ್ದು ಗ್ರಾಮ ಸಭೆಯಾ, ಉಪವಿಭಾಗ ಸಮಿತಿಯಾ, ಜಿಲ್ಲಾ ಸಮಿತಿಯಾ ನೋಡು. ಮೊದಲ ಎರಡಾದ್ರೆ ಮೇಲಿನ ಸಮಿತಿಗೆ 60 ದಿನದೊಳಗೆ ಮೇಲ್ಮನವಿ ಉಂಟು. ಜಿಲ್ಲಾ ಸಮಿತಿದು ಕೊನೇ ತೀರ್ಮಾನ, ಅದರ ಮೇಲೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ (ಸರ್ಕಾರಿ ತೀರ್ಮಾನದ ವಿರುದ್ಧ ನೇರ ಹೈಕೋರ್ಟಿಗೆ ಹಾಕೂದು) ಹಾಕ್ಬೇಕು. ಆ ಕಾಗದದ ಮೇಲಿನ ತಾರೀಖು ಇವತ್ತೇ ನೋಡಿ, ದಿನ ಬಾಕಿ ಇದ್ರೆ ಅಪ್ಪನ್ನ ಕರ್ಕೊಂಡು ಅಂಕೋಲಾದಲ್ಲೇ ಯಾರಾದ್ರೂ ವಕೀಲರ ಹತ್ರ ಸೋಮವಾರ ಹೋಗ್ಬನ್ನಿ.