ಗ್ಯಾಲನ್ ಲೆಕ್ಕದ ಔಷಧಿ, ಲೀಟರ್ ಲೆಕ್ಕದ ಟ್ಯಾಂಕ್: ಡೋಸ್ ಜಾಸ್ತಿ ಆಯ್ತಾ?

ಪ್ರಶ್ನೆ: 2×1×1 ಅಡಿ ಮೀನಿನ ಟ್ಯಾಂಕ್, 5 ಮಿಮೀ ಗಾಜು. ತಳದಿಂದ ನೀರು 27 ಸೆಂಮೀ, ಜಲ್ಲಿ 5 ಸೆಂಮೀ. ಬಿಳಿ ಚುಕ್ಕೆ ರೋಗಕ್ಕೆ ಅಮೆರಿಕದ ಔಷಧಿ ತಂದಿದ್ದೇನೆ, ಲೇಬಲ್‌ನಲ್ಲಿ 10 ಗ್ಯಾಲನ್‌ಗೆ 5 ಮಿಲೀ ಅಂತಿದೆ. ಅಂಗಡಿಯವರು ಟ್ಯಾಂಕ್ 15 ಗ್ಯಾಲನ್ ಅಂದರು, 7.5 ಮಿಲೀ ಹಾಕಿದೆ. ಕ್ಯಾಲ್ಕುಲೇಟರ್ 12.5 ಗ್ಯಾಲನ್ ತೋರಿಸುತ್ತಿದೆ. ಲೋಚ್ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿವೆ. ಯಾವ ಲೆಕ್ಕ ಸರಿ?

ಉತ್ತರ 1: ಎರಡೂ ಅಲ್ಲ. ಕ್ಯಾಲ್ಕುಲೇಟರ್ ಹಿಡಿದಿರುವುದು ಬ್ರಿಟಿಷ್ ಗ್ಯಾಲನ್, 4.546 ಲೀಟರ್. ಅಮೆರಿಕದ್ದು 3.785. ಬಾಟಲಿ ಅಲ್ಲಿಯದಾದ್ದರಿಂದ ಭಾಗಿಸಬೇಕಾದ್ದು 3.785ರಿಂದ. ಅಂಗಡಿಯವರ 15 ಅಮೆರಿಕದ ಗ್ಯಾಲನ್ನೇ, ಆದರೆ ಅದು ಗಾಜಿನ ಹೊರ ಅಳತೆ; ಕಂಠಮಟ್ಟ ನೀರು ತುಂಬಿದರೂ ಅಷ್ಟು ಹಿಡಿಯುವುದಿಲ್ಲ.

ಒಳ ಅಳತೆ 60 × 29.5 ಸೆಂಮೀ. ನೀರಿನ ಎತ್ತರ 27ರಿಂದ ಗುಣಿಸಿ 1000ದಿಂದ ಭಾಗಿಸಿದರೆ 47.8 ಲೀಟರ್. ಜಲ್ಲಿ ಇರುವ ಜಾಗ 8.85 ಲೀಟರ್, ಅದರಲ್ಲಿ ಸುಮಾರು 40 ಪರ್ಸೆಂಟ್ ಸಂದಿನ ನೀರೇ, ಹಾಗಾಗಿ ಕಳೆಯಬೇಕಾದ್ದು 5.3 ಮಾತ್ರ. ಉಳಿದದ್ದು 42.5 ಲೀಟರ್, ಅಂದರೆ 11.2 ಗ್ಯಾಲನ್. ಪೂರ್ತಿ ಡೋಸ್ 5.6 ಮಿಲೀ. ನೀವು ಮೂರನೇ ಒಂದು ಭಾಗ ಹೆಚ್ಚಿಗೆ ಹಾಕಿದ್ದೀರಿ. ದೊಡ್ಡ ಕಲ್ಲು, ಮರದ ತುಂಡು ಇದ್ದರೆ ನೀರು ಇನ್ನೂ ಕಮ್ಮಿ.

ಉತ್ತರ 2: ಲೆಕ್ಕ ಸರಿ, ಆದರೆ ಲೋಚ್‌ಗೆ 5.6 ಕೂಡ ಜಾಸ್ತಿಯೇ. ಅವುಗಳ ಹುರುಪೆ ತೀರಾ ಸಣ್ಣದು, ಔಷಧಿ ಬೇಗ ತಾಗುತ್ತದೆ. ಇಂಥ ಮೀನಿಗೆ ಅರ್ಧ ಡೋಸ್ ಎಂದು ಬಹಳ ಲೇಬಲ್‌ಗಳಲ್ಲೇ ಬರೆದಿರುತ್ತದೆ, ಸಣ್ಣಕ್ಷರ ಓದಿ. ಅರ್ಧ ಅಂದರೆ 2.8 ಮಿಲೀ. ಫಾರ್ಮಾಲಿನ್ ಇರುವ ಔಷಧಿಯಾದರೆ ನೀರಿನ ಆಮ್ಲಜನಕವನ್ನೂ ಇಳಿಸುತ್ತದೆ; ಮೊದಲು ಏರ್ ಪಂಪ್ ಜೋರು ಮಾಡಿ.

ಈಗಲೇ ಅರ್ಧ ನೀರು ಬದಲಿಸಿ: ಕ್ಲೋರಿನ್ ತೆಗೆದ, ಅದೇ ತಾಪಮಾನದ ನೀರು. ಒಳಗೆ 3.75 ಮಿಲೀ ಉಳಿಯುತ್ತದೆ. ನಾಳೆ ಕಾಲು ಭಾಗ ಬದಲಿಸಿದರೆ 2.8ಕ್ಕೆ ಬರುತ್ತದೆ. ಅಷ್ಟಾದರೂ ಮೀನು ಮೇಲೇ ಇದ್ದರೆ ಚಿಕಿತ್ಸೆ ನಿಲ್ಲಿಸಿ, ಫಿಲ್ಟರ್‌ಗೆ ಕಾರ್ಬನ್ ಹಾಕಿ. ಚಿಕಿತ್ಸೆ ಮುಂದುವರಿಸುವುದಾದರೆ ಕಾರ್ಬನ್ ಇರಕೂಡದು, ಔಷಧಿಯನ್ನೇ ಹೀರಿಬಿಡುತ್ತದೆ.

ಪ್ರಶ್ನೆ: ಔಷಧಿ ಬಿಟ್ಟು ಉಪ್ಪು ಹಾಕಲಾ? 5 ಗ್ಯಾಲನ್‌ಗೆ 1 ಟೇಬಲ್ ಸ್ಪೂನ್ ಅಂತಾರೆ.

ಉತ್ತರ 1: ಲೋಚ್ ಇರುವಾಗ ಉಪ್ಪು ಬೇಡ, ಅದೂ ಅವಕ್ಕೆ ಆಗಿಬರುವುದಿಲ್ಲ. ಬೇರೆ ಟ್ಯಾಂಕಿಗಾದರೆ ಚಮಚ ಬಿಟ್ಟು ತೂಕ ಹಿಡಿಯಿರಿ. ಅಮೆರಿಕದ ಟೇಬಲ್ ಸ್ಪೂನ್ 14.8 ಮಿಲೀ, ಆಸ್ಟ್ರೇಲಿಯಾದ್ದು 20, ನಮ್ಮ ಅಡುಗೆಮನೆ ಚಮಚಕ್ಕೆ ಅಳತೆಯೇ ಇಲ್ಲ. ಮೇಲಾಗಿ ಕಲ್ಲುಪ್ಪು, ಪುಡಿ ಉಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ನೀವು ಹೇಳಿದ ಪ್ರಮಾಣ ಲೀಟರಿಗೆ ಹೆಚ್ಚುಕಮ್ಮಿ 1 ಗ್ರಾಂ. ಆವಿಯಾದ ನೀರನ್ನು ತುಂಬಿಸುವಾಗ ಮತ್ತೆ ಉಪ್ಪು ಹಾಕಬೇಡಿ. ನೀರಷ್ಟೇ ಹೋಗಿರುತ್ತದೆ, ಉಪ್ಪು ಅಲ್ಲೇ ಇರುತ್ತದೆ.

ಉತ್ತರ 2: ಇನ್ನೊಂದು. 2.8ಕ್ಕೆ ಬಂದ ಮೇಲೆ ಕಾಲು ಭಾಗ ನೀರು ಬದಲಿಸಿದಾಗ ಹೊಸ ನೀರಿಗೆ ಬೇಕಾದ್ದು 0.7 ಮಿಲೀ ಅಷ್ಟೇ, ಪೂರ್ತಿ ಟ್ಯಾಂಕಿನ ಡೋಸ್ ಅಲ್ಲ. ಹನಿ ಎಣಿಸಬೇಡಿ, ಡ್ರಾಪರ್‌ನಿಂದ ಡ್ರಾಪರ್‌ಗೆ ಹನಿ ಬದಲಾಗುತ್ತದೆ. ಇನ್ಸುಲಿನ್ ಸಿರಿಂಜ್ ತರುವುದಾದರೆ ಮೇಲಿನ ಬರಹ ನೋಡಿ: ಯು-40ರಲ್ಲಿ (ಮಿಲೀಗೆ 40 ಯೂನಿಟ್) 0.7 ಮಿಲೀ ಅಂದರೆ 28 ಯೂನಿಟ್, ಯು-100ರಲ್ಲಿ (ಮಿಲೀಗೆ 100) 70.