‘ಕಾನ್‌ಕ್ಲೇವ್’ ಚಿತ್ರದ ಕಾರ್ಡಿನಲ್ ಲಾರೆನ್ಸ್ ತಮಗೇ ಮತ ಹಾಕಿಕೊಂಡದ್ದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ಸಂಜೆ ಪ್ರದರ್ಶನ (ಪ್ರಶ್ನೆ):

ಎಡ್ವರ್ಡ್ ಬರ್ಗರ್ ನಿರ್ದೇಶನದ ‘ಕಾನ್‌ಕ್ಲೇವ್’ (2024) ಚಿತ್ರವನ್ನು ಈಗಾಗಲೇ ನೋಡಿರುವವರಿಗೆ ಈ ಪ್ರಶ್ನೆ. ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳಿತು, ಏಕೆಂದರೆ ಕಥೆಯ ಮುಖ್ಯ ಘಟ್ಟಗಳನ್ನು ಮುಚ್ಚಿಟ್ಟು ಇದನ್ನು ಕೇಳಲಾಗದು. ರಾಲ್ಫ್ ಫೈನ್ಸ್ ನಟಿಸಿರುವ ಲಾರೆನ್ಸ್, ಕಾರ್ಡಿನಲ್‌ಗಳ (ಪೋಪ್ ಅವರನ್ನು ಆರಿಸುವ ಹಿರಿಯ ಧರ್ಮಗುರುಗಳ) ಮಂಡಲಿಯ ಡೀನ್, ಅಂದರೆ ಮುಖ್ಯಸ್ಥ, ಆಗಿ ಪೋಪ್ ಚುನಾವಣೆಯನ್ನು ನಡೆಸಿಕೊಡಬೇಕಾದವರು. ಪ್ರಾರ್ಥನೆಯೇ ತಮಗೆ ಕೈಗೂಡುತ್ತಿಲ್ಲವೆಂದು ಹುದ್ದೆ ಬಿಡಲು ಹೊರಟಿದ್ದ ಅವರು, ಕಾಬೂಲಿನಿಂದ ಬಂದ ಬೆನಿಟೆಜ್ ತಮಗೆ ಮತ ಹಾಕುತ್ತಿರುವುದು ತಿಳಿದಾಗ ಹಾಗೆ ಮಾಡಬೇಡಿರೆಂದು ಕೇಳಿಕೊಳ್ಳುತ್ತಾರೆ. ಅಂಥವರೇ ಮುಂದೊಂದು ಸುತ್ತಿನಲ್ಲಿ ಚೀಟಿಯ ಮೇಲೆ ತಮ್ಮ ಹೆಸರನ್ನು ಬರೆದು ಬಲಿಪೀಠದ ಬಳಿಗೆ ಹೋಗುತ್ತಾರೆ. ಚೀಟಿ ಹಾಕುವ ಹೊತ್ತಿಗೆ ಹೊರಗೆ ಬಾಂಬ್ ಸಿಡಿದು ಮೇಲಿನ ಕಿಟಕಿಯ ಗಾಜು ಒಡೆದು ಬೀಳುತ್ತದೆ.

ಇದು ಅಷ್ಟು ಕಾಲ ಅಡಗಿದ್ದ ಮಹತ್ವಾಕಾಂಕ್ಷೆಯೋ, ಅಥವಾ ಟೆಡೆಸ್ಕೊನಂತಹ ಕಟ್ಟಾ ಸಂಪ್ರದಾಯವಾದಿ ಗೆಲ್ಲದಿರಲೆಂದು ಒಲ್ಲದ ಮನಸ್ಸಿನಿಂದ ಹೊತ್ತುಕೊಂಡ ಹೊಣೆಯೋ? ಅದಕ್ಕಿಂತ ಮೊದಲು, ತನಗೆ ತಾನೇ ಮತ ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶವಿದೆಯೇ?

ಹಳೆಯ ಕಡತ:

ನಿಯಮದ ವಿಷಯವನ್ನು ನಾನು ಹೇಳಬಲ್ಲೆ. ಈಗ ಜಾರಿಯಲ್ಲಿರುವುದು ಎರಡನೆಯ ಜಾನ್ ಪಾಲ್ 1996ರಲ್ಲಿ ಹೊರಡಿಸಿದ ಶಾಸನ ಮತ್ತು ಹದಿನಾರನೆಯ ಬೆನೆಡಿಕ್ಟ್ ಅದಕ್ಕೆ 2007 ಹಾಗೂ 2013ರಲ್ಲಿ ಮಾಡಿದ ತಿದ್ದುಪಡಿಗಳು. ಇವುಗಳಲ್ಲಿ ಸ್ವಮತಕ್ಕೆ ನಿಷೇಧವಿಲ್ಲ. ಹಿಂದೆ ಇತ್ತು, ಅದೂ ಬಹಳ ಬಿಗಿಯಾಗಿ. 1621ರಲ್ಲಿ ಹದಿನೈದನೆಯ ಗ್ರೆಗೊರಿ ಗುಪ್ತ ಮತದಾನವನ್ನು ಕಡ್ಡಾಯ ಮಾಡಿದಾಗಲೇ ತನಗೆ ತಾನು ಮತ ಹಾಕಿಕೊಳ್ಳಬಾರದೆಂದೂ ವಿಧಿಸಿದರು. ಮತದಾರನ ಗುರುತು ಚೀಟಿಯ ಮಡಿಕೆಯೊಳಗೆ ಮೊಹರಿನಡಿ ಇರುತ್ತಿತ್ತು. ಯಾರಿಗಾದರೂ ಸರಿಯಾಗಿ ಮೂರನೆಯ ಎರಡು ಭಾಗದಷ್ಟೇ ಮತ ಬಂದರೆ, ಆ ಗೆಲುವಿನಲ್ಲಿ ಅವರದೇ ಮತ ಸೇರಿದೆಯೇ ಎಂದು ಬಿಚ್ಚಿ ನೋಡಬಹುದಾಗಿತ್ತು. ಹನ್ನೆರಡನೆಯ ಪಯಸ್ 1945ರಲ್ಲಿ ಈ ಪರೀಕ್ಷೆಯನ್ನು ಕೈಬಿಟ್ಟು, ಮೂರನೆಯ ಎರಡು ಭಾಗದ ಮೇಲೆ ಇನ್ನೊಂದು ಮತ ಬೇಕೆಂದು ಗೊತ್ತುಮಾಡಿದರು. ಅಭ್ಯರ್ಥಿಯ ಸ್ವಂತ ಮತವನ್ನು ಕಳೆದರೂ ಬಹುಮತ ಉಳಿಯಬೇಕೆಂಬುದು ಅದರ ಲೆಕ್ಕ. ಆತ್ಮಸಾಕ್ಷಿಯ ಕೆಲಸವನ್ನು ಗಣಿತಕ್ಕೆ ಒಪ್ಪಿಸಿದ ಈ ಜಾಣ್ಮೆ ನನಗೆ ಬಹಳ ಇಷ್ಟ. ಇಂದು ಆ ಹೆಚ್ಚುವರಿ ಮತವೂ ಬೇಕಿಲ್ಲವಾದ್ದರಿಂದ, ಸ್ವಂತ ಮತದಿಂದಲೇ ಒಬ್ಬರು ಪೋಪ್ ಆಗಿಬಿಡುವುದು ಅಸಾಧ್ಯವೇನಲ್ಲ.

ಆದರೆ ಪ್ರಮಾಣವಚನ ಉಳಿದಿದೆ. ಪ್ರತಿಯೊಬ್ಬರೂ ಮಡಿಚಿದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬಲಿಪೀಠದವರೆಗೆ ನಡೆದು, ದೇವರೆದುರು ಯಾರು ಆಯ್ಕೆಯಾಗಬೇಕೆಂದು ತಾನು ನಂಬಿರುವೆನೋ ಅವರಿಗೇ ಈ ಮತ, ತನ್ನ ನ್ಯಾಯತೀರ್ಪು ಮಾಡಲಿರುವ ಕ್ರಿಸ್ತನೇ ಇದಕ್ಕೆ ಸಾಕ್ಷಿ ಎಂದು ಗಟ್ಟಿಯಾಗಿ ಹೇಳಬೇಕು. ಎದುರಿನ ಗೋಡೆಯ ಮೇಲೆ ಮೈಕೆಲೇಂಜೆಲೊ ಬರೆದ ಅಂತಿಮ ತೀರ್ಪಿನ ಚಿತ್ರವಿದೆ. ಲಾರೆನ್ಸ್ ನಿಯಮ ಮುರಿಯಲಿಲ್ಲ. ಆ ವಚನವನ್ನು ಅವರು ನಿಜವೆಂದು ನಂಬಿ ಹೇಳಿದರೇ ಎಂಬುದಷ್ಟೇ ಕೇಳಬೇಕಾದದ್ದು.

ನೆರಳುಬೆಳಕು:

ನಂಬಿಯೇ ಹೇಳಿದರೆಂದು ನನಗೆ ಅನ್ನಿಸುತ್ತದೆ, ಮತ್ತು ಅದರಲ್ಲಿ ಮಹತ್ವಾಕಾಂಕ್ಷೆಯೂ ಧಾರಾಳವಾಗಿ ಇತ್ತು. ಸ್ವಲ್ಪ ಹಿಂದಿನ ದೃಶ್ಯವನ್ನು ನೆನಪಿಸಿಕೊಳ್ಳಿ. ಲಾರೆನ್ಸ್‌ಗೆ ಪೋಪ್ ಆಗುವ ಆಸೆಯಿದೆಯೆಂದು ಒಮ್ಮೆ ಸಿಟ್ಟಿನಿಂದ ಹಂಗಿಸಿದ್ದ ಕಾರ್ಡಿನಲ್ ಬೆಲ್ಲಿನಿ (ಸ್ಟ್ಯಾನ್ಲಿ ಟುಚಿ), ಆ ಆಸೆ ತನ್ನೊಳಗೇ ಇತ್ತೆಂದು ಒಪ್ಪಿಕೊಂಡ ಮೇಲೆ, ಪೋಪ್ ಆದರೆ ಯಾವ ಹೆಸರು ಇಟ್ಟುಕೊಳ್ಳುವಿರಿ ಎಂದು ಕೇಳುತ್ತಾರೆ. ಲಾರೆನ್ಸ್ ಬಳಿ ಉತ್ತರ ಸಿದ್ಧವಿದೆ: ಜಾನ್. ಆಸೆಯೇ ಇಲ್ಲದ ಮನುಷ್ಯ ಹೆಸರನ್ನೇಕೆ ಆರಿಸಿಟ್ಟುಕೊಂಡಿರುತ್ತಾನೆ? ಕಣದಲ್ಲಿರುವ ಇನ್ನಿಬ್ಬರು ಕಾರ್ಡಿನಲ್‌ಗಳಲ್ಲಿ ಟ್ರೆಂಬ್ಲೆಯದು ಹಣ ಹಂಚಿ ಮತ ಕೊಳ್ಳುವ ಆಸೆ, ಅಡೆಯೆಮಿಯದು ಹಳೆಯ ತಪ್ಪನ್ನು ಹೂತಿಟ್ಟು ಮೇಲೇರುವ ಆಸೆ. ಇವೆರಡನ್ನೂ ಗುರುತಿಸುವುದು ಸುಲಭ. ನನಗಿಂತ ಯೋಗ್ಯರು ಉಳಿದಿಲ್ಲವಲ್ಲ ಎಂಬ ಕೊರಗಿನ ವೇಷದಲ್ಲಿ ಬರುವ ಆಸೆಯನ್ನು ಗುರುತಿಸುವುದು ಕಷ್ಟ, ಅದನ್ನು ಹೊತ್ತವನಿಗಂತೂ ಇನ್ನೂ ಕಷ್ಟ. ಮೊಹರು ಹಾಕಿದ್ದ ಪೋಪ್ ಅವರ ಕೋಣೆಗೆ ರಾತ್ರಿಯಲ್ಲಿ ಒಬ್ಬರೇ ನುಗ್ಗಿ, ಹಾಸಿಗೆಯ ಬಳಿ ಅಡಗಿಸಿಟ್ಟಿದ್ದ ಕಾಗದಗಳನ್ನು ಹೊರತೆಗೆಯುವಾಗಲೂ ಲಾರೆನ್ಸ್ ಮಾಡುತ್ತಿರುವುದು ಕರ್ತವ್ಯವೇ. ಆದರೆ ಆ ಕರ್ತವ್ಯದ ಫಲವಾಗಿ ಎದುರಾಳಿಗಳು ಒಬ್ಬೊಬ್ಬರಾಗಿ ಕಣದಿಂದ ಹೊರಬೀಳುತ್ತಾರೆ.

ಆ ಸ್ಫೋಟ ಮಾತ್ರ ನನಗೆ ಅತಿಯೆನಿಸಿತು. ಫೈನ್ಸ್ ಮುಖದಲ್ಲಿ ಆಗಲೇ ಕಂಡಿದ್ದ ಅಳುಕನ್ನು ಆಕಾಶವೇ ಬಂದು ಅನುಮೋದಿಸಬೇಕಾಗಿರಲಿಲ್ಲ. ಅದಕ್ಕಿಂತ, ಮುಂದಿನ ಸುತ್ತಿನಲ್ಲಿ ಒಡೆದ ಕಿಟಕಿಯಿಂದ ಗಾಳಿ ಬಂದು ಮೇಜಿನ ಮೇಲಿನ ಕಾಗದಗಳು ಅಲುಗಾಡುವುದು ಎಷ್ಟೋ ಹೆಚ್ಚು ಹೇಳುತ್ತದೆ. ಪೀಟರ್ ಸ್ಟ್ರಾನ್ ಅವರ ಚಿತ್ರಕಥೆಗೆ ಆಸ್ಕರ್ ಸಂದದ್ದು ಇಂತಹ ಮಾತಿಲ್ಲದ ಕಡೆಗಳಿಗಾಗಿಯೂ ಇರಬೇಕು.

ಮಂಗಳೂರಿನ ಓದುಗ:

ನೆರಳುಬೆಳಕು ಅವರೇ, ನಿಮ್ಮ ವಾದ ಒಪ್ಪಿಗೆ, ಆದರೆ ಕಥೊಲಿಕನಾಗಿ ನನ್ನದೊಂದು ತಕರಾರಿದೆ. ಪ್ರಾರ್ಥನೆಯ ಬಿಕ್ಕಟ್ಟು ಲಾರೆನ್ಸ್ ಪಾತ್ರದ ತಿರುಳೆಂದು ಚಿತ್ರವೇ ಹೇಳುತ್ತದೆ. ಹಾಗಿದ್ದೂ ಅವರು ಪ್ರಾರ್ಥಿಸಲು ಹೆಣಗುವುದನ್ನು ನಮಗೆ ತೋರಿಸಿದ್ದಕ್ಕಿಂತ, ಮೊಗಸಾಲೆಗಳಲ್ಲಿ ಪಿಸುಗುಟ್ಟುವುದನ್ನು ತೋರಿಸಿದ್ದೇ ಹೆಚ್ಚು. ಸಂದೇಹವಿಲ್ಲದ ಕಡೆ ವಿಶ್ವಾಸಕ್ಕೂ ಜಾಗವಿಲ್ಲ ಎಂಬ ಅವರ ಆರಂಭದ ಪ್ರಬೋಧನೆ ಚೆನ್ನಾಗಿದೆ, ಆದರೆ ವಿಶ್ವಾಸದ ತೂಕವನ್ನೆಲ್ಲ ಅದೊಂದರ ಮೇಲೆಯೇ ಹೇರಲಾಗಿದೆ.

ನಿಯಮದ ಮಾತು ಬಂದದ್ದರಿಂದ ಇನ್ನೊಂದು. ಬೆನಿಟೆಜ್ ಅವರನ್ನು ಪೋಪ್ ಗುಟ್ಟಾಗಿ ಕಾರ್ಡಿನಲ್ ಮಾಡಿದ್ದರು. ಹಾಗೆ ಮನದಲ್ಲೇ ಇಟ್ಟುಕೊಂಡ ಹೆಸರನ್ನು ಪೋಪ್ ತಾವಾಗಿ ಪ್ರಕಟಿಸುವವರೆಗೂ ಆ ವ್ಯಕ್ತಿಗೆ ಕಾರ್ಡಿನಲ್‌ನ ಹಕ್ಕುಗಳಿರುವುದಿಲ್ಲ. ಪ್ರಕಟಿಸದೆ ತೀರಿಕೊಂಡರೆ ನೇಮಕವೂ ಅಲ್ಲಿಗೇ ಮುಗಿಯಿತು. ನಿಜದಲ್ಲಾದರೆ ಬೆನಿಟೆಜ್ ಅವರನ್ನು ಲಾರೆನ್ಸ್ ಬಾಗಿಲಲ್ಲೇ ತಡೆಯಬೇಕಾಗುತ್ತಿತ್ತು. ಅಂದಹಾಗೆ, 2025ರ ಮೇ ತಿಂಗಳಲ್ಲಿ 133 ಕಾರ್ಡಿನಲ್‌ಗಳು ಸೇರಿ ಹದಿನಾಲ್ಕನೆಯ ಲಿಯೊ ಅವರನ್ನು ಆರಿಸಿದಾಗ, ಡೀನ್ ಆಗಿದ್ದ ಜೊವಾನ್ನಿ ಬತ್ತಿಸ್ತ ರೇ ಅವರಿಗೆ 80 ದಾಟಿದ್ದರಿಂದ ಒಳಗೆ ಹೋಗುವಂತೆಯೇ ಇರಲಿಲ್ಲ. ಪಿಯೆತ್ರೊ ಪರೋಲಿನ್ ಅಧ್ಯಕ್ಷತೆ ವಹಿಸಿದ್ದರು.

ಸಂಜೆ ಪ್ರದರ್ಶನ:

ಮೂವರಿಗೂ ಕೃತಜ್ಞತೆಗಳು. ಮಂಗಳೂರಿನ ಓದುಗರು ಹೇಳಿದ್ದನ್ನು ಓದಿದ ಮೇಲೆ ನನಗೆ ಹೊಸದೊಂದು ಅನುಮಾನ ಹುಟ್ಟಿದೆ. ದಾಖಲೆಯನ್ನು ನೋಡಿ ಬೆನಿಟೆಜ್ ಅವರನ್ನು ಒಳಗೆ ಬಿಟ್ಟುಕೊಳ್ಳುವ ತೀರ್ಮಾನ ಡೀನ್ ಆಗಿ ಲಾರೆನ್ಸ್ ಅವರದೇ ತಾನೆ? ನಿಯಮವನ್ನು ಅಕ್ಷರಶಃ ಹಿಡಿದಿದ್ದರೆ ಲಾರೆನ್ಸ್‌ಗೆ ಬೆನಿಟೆಜ್ ಅವರಿಂದ ಸಿಕ್ಕ ಆ ಮೊದಲ ಮತವೂ ಇರುತ್ತಿರಲಿಲ್ಲ, ಕೊನೆಗೆ ಅವರನ್ನು ಹಿಂದಿಕ್ಕಿದ ವ್ಯಕ್ತಿಯೂ ಇರುತ್ತಿರಲಿಲ್ಲ. ಬಾಗಿಲಲ್ಲಿ ನಡೆಯುವ ಆ ಸಣ್ಣ ದೃಶ್ಯದ ಬಗ್ಗೆ ಯಾರಾದರೂ ಬರೆದರೆ ಓದಲು ಕಾದಿದ್ದೇನೆ.