ಹನಿ ಬಿದ್ದಾಗ ಏಳುವ ಕಿರೀಟ ಪುಸ್ತಕದಲ್ಲಿದ್ದ ಹಾಗೆ ಯಾಕಿಲ್ಲ?

ತೀರ್ಥಹಳ್ಳಿಯವಳು:
ಮಗನಿಗೆ ಮಳೆ ರಜೆ. ಮಾಡಿನ ಹಂಚಿಂದ ಬೀಳುವ ಹನಿಯನ್ನು ಅಗಲದ ಪಾತ್ರೆಗೆ ಬೀಳಿಸಿ, ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆವು. ಪುಸ್ತಕದ ಚಿತ್ರದಲ್ಲಿ ನೀರು ಚಿಮ್ಮಿ ಏಳುವ ಕಿರೀಟ ಎಷ್ಟು ಅಚ್ಚುಕಟ್ಟು, ಸುತ್ತಲೂ ಒಂದೇ ಅಳತೆ. ನಮ್ಮದು ಒಂದೂ ಹಾಗಿಲ್ಲ, ಒಂದು ಕಡೆ ಎತ್ತರ, ಇನ್ನೊಂದು ಕಡೆ ಹರಿದುಹೋಗಿದೆ. "ವಿಜ್ಞಾನಿಗಳು ಸುಳ್ಳು ಬರೀತಾರಾ ಅಮ್ಮಾ?" ಅಂತಾನೆ. ಏನು ಹೇಳಲಿ?

ಸಾಗರದ ಮೇಷ್ಟ್ರು:
ಇದೇ ಪ್ರಶ್ನೆ ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್‌ಗೂ ಬಂದಿತ್ತು. 1870ರ ದಶಕದಿಂದ ಅವರ ಕೆಲಸವೇ ಇದು. ಕತ್ತಲೆ ಕೋಣೆಯಲ್ಲಿ ಹಾಲಿನ ಹನಿ, ಪಾದರಸದ ಹನಿ ಬೀಳಿಸುವುದು, ಒಂದು ಕಿಡಿ ಹೊತ್ತಿಸುವುದು, ಆ ಕ್ಷಣ ಕಣ್ಣಲ್ಲಿ ಉಳಿದದ್ದನ್ನು ಕೈಯಲ್ಲಿ ಬರೆಯುವುದು. ಎಲ್ಲಾ ಸರಿಸಮ, ಚೆಂದ. 1894ರಲ್ಲಿ ಫೋಟೋ ತೆಗೆಯಲು ಸಾಧ್ಯವಾಯಿತು ನೋಡಿ, ಬಂದದ್ದೆಲ್ಲ ಓರೆಕೋರೆ! ಹಳೇ ಚಿತ್ರಗಳಲ್ಲೂ ಸೊಟ್ಟ ಹನಿಗಳು ಇದ್ದವು, ಅಚ್ಚಿಗೆ ಆರಿಸುವಾಗ ಅವನ್ನು ಬಿಟ್ಟಿದ್ದರು ಅಷ್ಟೇ.

ಮೋಸ ಅಲ್ಲ ಅದು. ಸೊಟ್ಟ ಅನ್ನುವುದು ಆ ಒಂದು ಹನಿಯ ಐಬು ಅಂದುಕೊಂಡಿದ್ದರು. 18ನೇ ಶತಮಾನದಲ್ಲಿ ಗಿಡಗಳಿಗೆ ಹೆಸರಿಟ್ಟು ವಿಂಗಡಿಸಿದ ಲಿನೇಯಸ್‌ಗೂ ಗಿಡದ ಚಿತ್ರ ಅಂದರೆ ಇಡೀ ಜಾತಿಯ ಲಕ್ಷಣ, ಕೈಯಲ್ಲಿರುವ ಗಿಡದ ಹುಳುಕಲ್ಲ. ಕಂಡದ್ದು ಕಂಡ ಹಾಗೇ ಇರಲಿ, ನನ್ನ ಕೈವಾಡ ಬೇಡ ಅನ್ನುವ ಹಟ, ನಾವು ವಸ್ತುನಿಷ್ಠತೆ ಅಂತೀವಲ್ಲ, ಅದು ಜೋರಾದದ್ದು 19ನೇ ಶತಮಾನದ ನಡುವಿನಿಂದ ಈಚೆಗೆ.

ಅಡಿಕೆ ತೋಟ:
ಮೇಷ್ಟ್ರೇ, ಹಾಗಂತ ಫೋಟೋ ನಂಬಿ ಕೂರಕ್ಕಾಗಲ್ಲ. ಮಂಡಗದ್ದೆಯಲ್ಲಿ ತೆಗೆದ ಬೆಳ್ಳಕ್ಕಿ ಫೋಟೋ ಇಟ್ಟುಕೊಂಡು ಯಾವ ಜಾತಿ ಅಂತ ಒದ್ದಾಡಿದೆ, ಕೊನೆಗೆ ತಿಳಿದದ್ದು ಪುಸ್ತಕದ ಕೈಚಿತ್ರ ನೋಡಿ. ನಮ್ಮ ತೋಟದ ಎಲೆಚುಕ್ಕಿ ರೋಗದ ಫೋಟೋ ಗೊತ್ತಿರುವವರೊಬ್ಬರಿಗೆ ಕಳಿಸಿದೆ, "ಇದರಲ್ಲಿ ಏನೂ ಹೇಳಕ್ಕಾಗಲ್ಲ, ಬಂದೇ ನೋಡಬೇಕು" ಅಂದರು. ಪಳಗಿದ ಕಣ್ಣು ಬೇಕು ಸ್ವಾಮಿ. ಅಲ್ಲದೆ ಕ್ಯಾಮೆರಾ ಎಲ್ಲಿಡಬೇಕು, ಯಾವಾಗ ಒತ್ತಬೇಕು ಅನ್ನುವುದನ್ನು ಆರಿಸುವವರೂ ನಾವೇ ಅಲ್ವಾ?

ಸಾಗರದ ಮೇಷ್ಟ್ರು:
ಒಪ್ಪಿದೆ. 20ನೇ ಶತಮಾನದಲ್ಲಿ ಎಕ್ಸ್‌ರೇ ಓದುವ ಡಾಕ್ಟರುಗಳೂ ಪಳಗಿದ ಕಣ್ಣು ಬೇಕು ಅಂತಲೇ ಹೇಳತೊಡಗಿದರು. ಆದರೂ ಆರಿಸುವಾಗ ಬಿಟ್ಟದ್ದು ಯಾವುದು ಅಂತ ಬರೆದಿಡಬೇಕು.

ತೀರ್ಥಹಳ್ಳಿಯವಳು:
ಇಬ್ಬರಿಗೂ ಥ್ಯಾಂಕ್ಸ್. ವರ್ದಿಂಗ್ಟನ್ ಕಥೆ ಹೇಳಿದೆ, ಕಣ್ಣರಳಿಸಿ ಕೇಳಿದ. ಆಮೇಲೆ ಇನ್ನೂ 30 ಹನಿ ಹಿಡಿದೆವು. ಒಂದೇ ಒಂದು ಹೆಚ್ಚುಕಡಿಮೆ ಸರಿಸಮ ಬಂತು. ನನ್ನ ಸ್ಟೇಟಸ್‌ಗೆ ಅವನು ಹಾಕಿರುವುದು ಅದನ್ನೇ.